ಸ್ಕಾಟ್ಲೆಂಡಿನ ಅತಿ ದೊಡ್ಡ ಬಾಕ್ಸರ್ ಯಾರು? ಮೂರು ಹೆಸರು, ಮುಗಿಯದ ವಾದ

ಬೆನ್ನಿ ಲಿಂಚ್, ಕೆನ್ ಬುಕಾನನ್, ಜಾಶ್ ಟೇಲರ್. ಸ್ಕಾಟ್ಲೆಂಡಿನಲ್ಲಿ ಬಾಕ್ಸಿಂಗ್ ಮಾತು ಶುರುವಾದರೆ ಕೊನೆಗೆ ಈ ಮೂವರ ಹತ್ತಿರವೇ ಬಂದು ನಿಲ್ಲುತ್ತದೆ. ಇವರಲ್ಲಿ ದೊಡ್ಡವರು ಯಾರು ಅನ್ನುವ ವಾದ ಈಗಲೂ ಮುಗಿದಿಲ್ಲ. ಮೂವರ ಹೆಸರಿಗೂ ಒಂದೊಂದು ಕೆಟ್ಟ ದಿನ ಅಂಟಿಕೊಂಡಿದೆ. ಜನ ಆ ಒಂದು ದಿನವನ್ನೇ ಹಿಡಿದು ವಾದ ಮಾಡುತ್ತಾರೆ, ಅದರ ಹಿಂದಿನ ವರ್ಷಗಳ ದುಡಿಮೆ ಮರೆತೇಹೋಗುತ್ತದೆ. ನನಗೆ ಬೇಸರ ತರಿಸುವುದು ಇದೇ.

ಲಿಂಚ್ ಗ್ಲಾಸ್ಗೋದ ಗೋರ್ಬಲ್ಸ್‌ನವರು. ಅದು ಆಗ ಇಕ್ಕಟ್ಟಾದ ಮನೆಗಳ ಬಡ ಪೇಟೆ. 1935ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿ ಜಾಕಿ ಬ್ರೌನ್ ಅವರನ್ನು ಎರಡೇ ಸುತ್ತಿನಲ್ಲಿ ಸೋಲಿಸಿ ಫ್ಲೈವೇಟ್ (ತೀರಾ ಹಗುರ ಆಟಗಾರರ ತೂಕದ ವಿಭಾಗ) ವಿಶ್ವ ಪಟ್ಟ ಗೆದ್ದರು. ಬ್ರೌನ್ ಎದ್ದಷ್ಟು ಸಲವೂ ಬಿದ್ದರು. ಲಿಂಚ್ ಆಟದ ತೂಕ ಗೊತ್ತಾಗಬೇಕಾದರೆ 1937ರ ಅಕ್ಟೋಬರ್‌ಗೆ ಹೋಗಬೇಕು. ಗ್ಲಾಸ್ಗೋದ ಶಾಫೀಲ್ಡ್ ಮೈದಾನದಲ್ಲಿ ಸುಮಾರು 40,000 ಜನ ಸೇರಿದ್ದರು. ಎದುರಿಗೆ ಇನ್ನೂ ಒಂದೂ ಪಂದ್ಯ ಸೋಲದ 19ರ ಹುಡುಗ ಪೀಟರ್ ಕೇನ್. ಗಂಟೆ ಬಾರಿಸಿ ಕೆಲವೇ ಕ್ಷಣಗಳಲ್ಲಿ ಲಿಂಚ್ ಆ ಹುಡುಗನನ್ನು ಕೆಳಗೆ ಬೀಳಿಸಿದರು. ಹುಡುಗ ಎದ್ದು ನಿಂತ, ಬಡಿದಾಡಿದ. ಕಡೆಗೆ 13ನೇ ಸುತ್ತಿನಲ್ಲಿ ನಾಕೌಟ್.

ಒಂಬತ್ತೇ ತಿಂಗಳಲ್ಲಿ ಎಲ್ಲ ಕೈಬಿಟ್ಟುಹೋಯಿತು. ಫ್ಲೈವೇಟ್‌ನ ಮಿತಿ 112 ಪೌಂಡ್, ಅಂದರೆ 51 ಕೆಜಿಗೂ ಸ್ವಲ್ಪ ಕಮ್ಮಿ. 1938ರ ಜೂನ್‌ನಲ್ಲಿ ಪೈಸ್ಲಿಯಲ್ಲಿ ಜಾಕಿ ಜೂರಿಕ್ ವಿರುದ್ಧದ ಪಂದ್ಯಕ್ಕೆ ತೂಕ ನೋಡಿದಾಗ ಲಿಂಚ್ ಆರೂವರೆ ಪೌಂಡ್ ಜಾಸ್ತಿ ಇದ್ದರು. ರಿಂಗ್‌ಗೆ ಇಳಿಯುವ ಮೊದಲೇ ಪಟ್ಟ ಹೋಯಿತು. ಕುಡಿತ ಅವರನ್ನು ಬಿಡಲಿಲ್ಲ. 1946ರಲ್ಲಿ 33ನೇ ವಯಸ್ಸಿಗೆ ತೀರಿಕೊಂಡರು. ಹೀಗಾಗಿ ಲಿಂಚ್ ಅಂದರೆ ಕುಡಿದು ಹಾಳಾದವರು ಅನ್ನುವ ಕತೆಯೇ ಮುಂದೆ ಬರುತ್ತದೆ. ಕೇನ್ ಜತೆಗಿನ ಆ 13 ಸುತ್ತು ಹಿಂದೆ ಸರಿಯುತ್ತದೆ. ಇದು ಅನ್ಯಾಯ.

ವಾದ ಗೋಜಲಾಗಲು ಇನ್ನೊಂದು ಕಾರಣವಿದೆ, ಅದು ಎಣಿಕೆಯದು. ಲಿಂಚ್ ಕಾಲದಲ್ಲಿ ಮುಖ್ಯ ತೂಕದ ವಿಭಾಗಗಳು ಎಂಟೇ. ಬುಕಾನನ್ ಕಾಲಕ್ಕೆ ಡಬ್ಲ್ಯುಬಿಎ, ಡಬ್ಲ್ಯುಬಿಸಿ ಎಂದು ಎರಡು ಸಂಸ್ಥೆಗಳು ಬೇರೆ ಬೇರೆ ಚಾಂಪಿಯನ್‌ಗಳನ್ನು ಸಾರುತ್ತಿದ್ದವು. 1980ರ ದಶಕದಲ್ಲಿ ಐಬಿಎಫ್, ಡಬ್ಲ್ಯುಬಿಒ ಸೇರಿದವು. ವಿಭಾಗಗಳೂ 17ಕ್ಕೆ ಏರಿದವು. ಕೋಟ್‌ಬ್ರಿಜ್‌ನ ರಿಕಿ ಬರ್ನ್ಸ್ ಮೂರು ತೂಕಗಳಲ್ಲಿ ವಿಶ್ವ ಪಟ್ಟ ಗೆದ್ದರು. ಈ ಸಾಧನೆ ಮಾಡಿದ ಮೊದಲ ಸ್ಕಾಟ್ ಅವರೇ. 2010ರಲ್ಲಿ ರೋಮನ್ ಮಾರ್ಟಿನೆಜ್ ಎದುರು ಮೊದಲ ಸುತ್ತಿನಲ್ಲೇ ಬಿದ್ದು, ಎದ್ದು, ಗೆದ್ದರು. ಆ ಛಲಕ್ಕೆ ನನ್ನ ಗೌರವ ಇದೆ. ಆದರೆ ಬೆಲ್ಟ್ (ಒಂದೊಂದು ಸಂಸ್ಥೆ ಕೊಡುವ ವಿಶ್ವ ಪಟ್ಟ) ಲೆಕ್ಕ ಹಾಕಿ ಅವರನ್ನು ಲಿಂಚ್‌ಗಿಂತ ಮೇಲೆ ಕೂರಿಸಲು ನನಗೆ ಮನಸ್ಸಿಲ್ಲ.

ಎಡಿನ್‌ಬರೋದ ಬುಕಾನನ್ ಬಡಗಿ ಕೆಲಸ ಕಲಿತವರು. 1970ರ ಸೆಪ್ಟೆಂಬರ್‌ನಲ್ಲಿ ಪೋರ್ಟೊ ರಿಕೋದ ಸ್ಯಾನ್ ವಾನ್‌ನಲ್ಲಿ, ಬಯಲು ಕ್ರೀಡಾಂಗಣದ ಉರಿಬಿಸಿಲಲ್ಲಿ, ಇಸ್ಮಾಯೆಲ್ ಲಗೂನಾ ಎದುರು 15 ಸುತ್ತು ಆಡಿದರು. ಲಗೂನಾ ಪನಾಮಾದವರು, ಆ ಸೆಕೆ ಅವರಿಗೆ ಹೊಸದಲ್ಲ. ಮೋಡ ಮಳೆಯ ಎಡಿನ್‌ಬರೋದಿಂದ ಹೋದ ಹುಡುಗ ಅಲ್ಲಿ ಲೈಟ್‌ವೇಟ್ (ಫ್ಲೈವೇಟ್‌ಗಿಂತ ಭಾರದ ವಿಭಾಗ) ಪಟ್ಟ ಗೆದ್ದು ಬಂದರು. ಆದರೆ ಬ್ರಿಟಿಷ್ ಬಾಕ್ಸಿಂಗ್ ಮಂಡಳಿ ಡಬ್ಲ್ಯುಬಿಸಿ ಕಡೆಗಿತ್ತು, ಗೆದ್ದದ್ದು ಡಬ್ಲ್ಯುಬಿಎ ಪಟ್ಟ. ಹಾಗಾಗಿ ತವರಿನ ಮಂಡಳಿಯೇ ಮೊದಲು ಅವರನ್ನು ಚಾಂಪಿಯನ್ ಎಂದು ಒಪ್ಪಲಿಲ್ಲ! 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರೂಬೆನ್ ನವಾರೊ ಅವರನ್ನು ಸೋಲಿಸಿ ಎರಡೂ ಪಟ್ಟ ಹಿಡಿದರು.

1972ರ ಜೂನ್ 26, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗೆ 21ರ ರೊಬೆರ್ಟೊ ಡುರಾನ್. 13ನೇ ಸುತ್ತು ಮುಗಿಯುವ ಹೊತ್ತಿಗೆ ಬುಕಾನನ್‌ಗೆ ಸೊಂಟದ ಕೆಳಗೆ ಏಟು ಬಿತ್ತು. ನೋವಿನಿಂದ ಕುಸಿದರು. ರೆಫರಿ ಜಾನಿ ಲೊಬಿಯಾಂಕೊ ಅದನ್ನು ಫೌಲ್ ಎಂದು ಒಪ್ಪದೆ ಡುರಾನ್‌ಗೆ ಗೆಲುವು ಕೊಟ್ಟರು. ಅಲ್ಲಿಯವರೆಗೆ ಅಂಕಗಳಲ್ಲಿ ಡುರಾನ್ ಮುಂದಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಪಂದ್ಯ ಮುಗಿಯಬೇಕಾದ ರೀತಿ ಅದಲ್ಲ. ಮರುಪಂದ್ಯ ಕೊನೆಗೂ ಆಗಲಿಲ್ಲ.

ಬುಕಾನನ್ ಅವರನ್ನು ಇನ್ನೊಬ್ಬ ಸ್ಕಾಟ್ ಜತೆ ಹೋಲಿಸಿ ನೋಡಿ. ಗ್ಲಾಸ್ಗೋದ ಜಿಮ್ ವಾಟ್ 1979ರಲ್ಲಿ ಡಬ್ಲ್ಯುಬಿಸಿ ಲೈಟ್‌ವೇಟ್ ಪಟ್ಟ ಗೆದ್ದದ್ದು ಊರಲ್ಲೇ, ಉಳಿಸಿಕೊಂಡ ನಾಲ್ಕು ಪಂದ್ಯಗಳೂ ಊರಲ್ಲೇ. ಬುಕಾನನ್ ವಿಶ್ವ ಪಟ್ಟಕ್ಕೆ ಆಡಿದ ಒಂದು ಪಂದ್ಯವೂ ಬ್ರಿಟನ್‌ನಲ್ಲಿ ನಡೆಯಲಿಲ್ಲ. ವಾಟ್ ಕೆಟ್ಟ ಚಾಂಪಿಯನ್ ಅಲ್ಲ, ಖಂಡಿತ ಅಲ್ಲ. ಆದರೆ 1973ರಲ್ಲಿ ಇಬ್ಬರೂ ಬ್ರಿಟಿಷ್ ಪಟ್ಟಕ್ಕೆ ಗ್ಲಾಸ್ಗೋದಲ್ಲೇ ಎದುರಾದಾಗ ಗೆದ್ದವರು ಬುಕಾನನ್.

ಟೇಲರ್ ಅಭಿಮಾನಿಗಳ ವಾದವೂ ಗಟ್ಟಿಯಾಗಿದೆ. ಪ್ರೆಸ್ಟನ್‌ಪ್ಯಾನ್ಸ್‌ನ ಈ ಎಡಗೈ ಆಟಗಾರ 2021ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಲ್ಲಿ ಹೋಸೆ ರಾಮಿರೆಜ್ ಅವರನ್ನು ಎರಡು ಸಲ ಕೆಡವಿ ಸೋಲಿಸಿ, ನಾಲ್ಕೂ ಸಂಸ್ಥೆಗಳ ಬೆಲ್ಟ್ ಒಟ್ಟಿಗೆ ಹಿಡಿದರು. ಅದು ಅವರ 18ನೇ ವೃತ್ತಿಪರ ಪಂದ್ಯ ಅಷ್ಟೇ. ಮರುವರ್ಷ ಗ್ಲಾಸ್ಗೋದಲ್ಲಿ ಜ್ಯಾಕ್ ಕ್ಯಾಟರಲ್ ಎದುರು ಬಿದ್ದು ಎದ್ದರು, ಮೂವರು ತೀರ್ಪುಗಾರರಲ್ಲಿ ಇಬ್ಬರು ಟೇಲರ್‌ಗೇ ಗೆಲುವು ಕೊಟ್ಟರು. ನೋಡಿದವರಲ್ಲಿ ಬಹಳ ಜನರಿಗೆ ಗೆದ್ದವರು ಕ್ಯಾಟರಲ್ ಅನ್ನಿಸಿತ್ತು. ಬ್ರಿಟಿಷ್ ಮಂಡಳಿ ವಿಚಾರಣೆ ನಡೆಸಿ ಒಬ್ಬ ತೀರ್ಪುಗಾರರ ದರ್ಜೆ ಇಳಿಸಿತು. ಅಂಕ ಬರೆದವರು ತೀರ್ಪುಗಾರರು, ಬೈಗುಳ ತಿಂದವರು ಟೇಲರ್. 2024ರಲ್ಲಿ ಲೀಡ್ಸ್‌ನಲ್ಲಿ ಮತ್ತೆ ಎದುರಾದಾಗ ಕ್ಯಾಟರಲ್ ಗೆದ್ದರು.

ನನ್ನ ಮತ ಬುಕಾನನ್‌ಗೆ. ಟೇಲರ್ ನಾಲ್ಕು ಬೆಲ್ಟ್ ಗೆದ್ದರೂ ಬಹಳ ದಿನ ಒಟ್ಟಿಗೆ ಇಟ್ಟುಕೊಳ್ಳಲಾಗಲಿಲ್ಲ. ಲಿಂಚ್ ಬಹುಶಃ ಮೂವರಲ್ಲೂ ಹೆಚ್ಚು ಪ್ರತಿಭಾವಂತರು, ಆದರೆ 25ಕ್ಕೇ ಅವರ ಒಳ್ಳೆಯ ಕಾಲ ಮುಗಿದಿತ್ತು. ಬುಕಾನನ್ ಪರದೇಶಕ್ಕೆ ಹೋಗಿ ಗೆದ್ದರು. ಲಗೂನಾ ಅವರನ್ನು 1971ರಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೊಮ್ಮೆ ಸೋಲಿಸಿದರು. ಪಟ್ಟ ಕಳೆದುಕೊಂಡು ಎರಡೂವರೆ ವರ್ಷವಾದ ಮೇಲೂ ಟೋಕಿಯೊಗೆ ಹೋಗಿ ಗಟ್ಸ್ ಇಶಿಮಾತ್ಸು ವಿರುದ್ಧ ವಿಶ್ವ ಪಟ್ಟಕ್ಕೆ ಆಡಿದರು. 1972ರಲ್ಲಿ ಅವರನ್ನು ಸೋಲಿಸಿದ್ದು ಬಾಕ್ಸಿಂಗ್ ಕಂಡ ಅತ್ಯುತ್ತಮ ಲೈಟ್‌ವೇಟ್ ಆಟಗಾರ, ಅದೂ ಜಗಳ ಇನ್ನೂ ಮುಗಿಯದ ಒಂದು ಏಟಿನಿಂದ.