ಹತ್ತನೇ ಫೋಲ್ಡರಿಗೆ ನಿಂತ ಸಿಂಪ್ಸನ್ಸ್

2007ರಲ್ಲಿ ಬನಶಂಕರಿ ಎರಡನೇ ಹಂತದ ನಮ್ಮ ಪಿ.ಜಿ.ಯಲ್ಲಿ ಒಂದು ಹಾರ್ಡ್ ಡಿಸ್ಕ್ ಕೈಯಿಂದ ಕೈಗೆ ಓಡಾಡುತ್ತಿತ್ತು. ಮೂಲತಃ ಯಾರದ್ದೆಂದು ಯಾರಿಗೂ ನೆನಪಿರಲಿಲ್ಲ. ಕೆಲಸ ಸಿಕ್ಕಿ ಹೈದರಾಬಾದಿಗೆ ಹೋದವನೊಬ್ಬ ಬಿಟ್ಟುಹೋಗಿದ್ದ ಎಂಬುದು ಪ್ರತೀತಿ. ಅದರಲ್ಲಿ ‘ಸಿಂಪ್ಸನ್ಸ್’ ಎಂಬ ಅಮೆರಿಕದ ಟಿವಿ ಕಾರ್ಟೂನಿನದೊಂದು ಫೋಲ್ಡರು, ಒಳಗೆ ಸೀಸನ್‌ಗೊಂದರಂತೆ ಹತ್ತು ಫೋಲ್ಡರು. ಅಮೆರಿಕದಲ್ಲಿ ಆಗಲೇ ಹದಿನೆಂಟನೇ ಸೀಸನ್ ಮುಗಿದಿತ್ತು. ಡಿಸ್ಕಿನಲ್ಲಿ ಜಾಗಕ್ಕೇನೂ ಬರವಿರಲಿಲ್ಲ. ಆದರೂ ಹನ್ನೊಂದನೆಯದು ಇಲ್ಲ. ಒಂಬತ್ತು, ಹತ್ತರಲ್ಲೂ ಅರ್ಧಕ್ಕರ್ಧ ಕಂತುಗಳನ್ನು ಯಾರೋ ಅಳಿಸಿದ್ದರು. ಯಾಕೆ ಅಂತ ಸೀನಿಯರ್ ಒಬ್ಬನನ್ನು ಕೇಳಿದೆ. ‘ಆಮೇಲಿಂದು ನೋಡಕ್ಕಾಗಲ್ಲ ಗುರೂ, ಸುಮ್ನೆ ಎಳ್ದಿದಾರೆ’ ಅಂದ. ಅವನೂ ನೋಡಿರಲಿಲ್ಲ, ಅದು ಬೇರೆ ಮಾತು.

ಈ ತೀರ್ಪು ನಮ್ಮ ಪಿ.ಜಿ.ಯದಷ್ಟೇ ಅಲ್ಲ. ಮೊದಲ ಎಂಟು ಸೀಸನ್ ಚಿನ್ನ, ಒಂಬತ್ತು ಹತ್ತು ಬೆಳ್ಳಿ, ಅಲ್ಲಿಂದಾಚೆ ತಗಡು ಎಂಬ ಮಾತು ಸಿಂಪ್ಸನ್ಸ್ ನೋಡುವ ಊರುಗಳಲ್ಲೆಲ್ಲ ಗಾದೆಯ ಹಾಗೆ ನಿಂತುಬಿಟ್ಟಿದೆ. ಬಹುಪಾಲು ನಾನೂ ಒಪ್ಪುತ್ತೇನೆ. ಒಪ್ಪದಿರುವುದು ಅದಕ್ಕೆ ಕೊಡುವ ಕಾರಣವನ್ನು. ಬರೆಯುವವರು ಸೋಮಾರಿಗಳಾದರು, ದುಡ್ಡಿಗೆ ಬಿದ್ದರು ಅನ್ನುತ್ತಾರೆ. ನಡೆದದ್ದು ಅಷ್ಟು ಸಲೀಸಾಗಿಲ್ಲ.

ಮ್ಯಾಟ್ ಗ್ರೇನಿಂಗ್ ಈ ಕುಟುಂಬವನ್ನು ಗೀಚಿದ್ದು ನಿರ್ಮಾಪಕ ಜೇಮ್ಸ್ ಎಲ್. ಬ್ರೂಕ್ಸ್ ಕಚೇರಿಯ ಹೊರಗೆ ಕಾಯುತ್ತ ಕೂತಾಗ. ಅಪ್ಪ, ಅಮ್ಮ, ಇಬ್ಬರು ತಂಗಿಯರ ಹೆಸರನ್ನು ಹಾಗೇ ಇಟ್ಟ: ಹೋಮರ್, ಮಾರ್ಜ್, ಲೀಸಾ, ಮ್ಯಾಗಿ. ತನ್ನ ಹೆಸರಿನ ಜಾಗಕ್ಕೆ ಬಾರ್ಟ್ ಎಂದು ಹಾಕಿದ. 1987ರ ಏಪ್ರಿಲ್‌ನಲ್ಲಿ ಟ್ರೇಸಿ ಉಲ್ಮನ್ ಶೋದ ನಡುವಿನ ಪುಟ್ಟ ತುಣುಕುಗಳಾಗಿ ಶುರುವಾಗಿ, 1989ರ ಡಿಸೆಂಬರ್ 17ಕ್ಕೆ ಫಾಕ್ಸ್ ವಾಹಿನಿಯಲ್ಲಿ ಅರ್ಧ ಗಂಟೆಯ ಕಾರ್ಯಕ್ರಮವಾಯಿತು. ಆಗಿನ ಅಮೆರಿಕನ್ ಟಿವಿ ಕುಟುಂಬಗಳು ನಮ್ಮ ಹಳೇ ಸಾಂಸಾರಿಕ ಸಿನಿಮಾಗಳ ಥರ. ಅಪ್ಪ ವಿವೇಕಿ, ಅಮ್ಮ ಸಹನಾಮಯಿ, ಮಕ್ಕಳು ತಪ್ಪು ಮಾಡಿ ಕೊನೆಗೆ ತಬ್ಬಿಕೊಳ್ಳುವವರು. ಅದರೆದುರು ಈ ಹಳದಿ ಮುಖದವರು ಬಂದರು. ಅಪ್ಪ ಕುಡುಕ, ಮಗ ಪೋಕರಿ, ಸಾಲದ ಮನೆ. 1990ರ ಅಕ್ಟೋಬರಿನ ಒಂದು ಕಂತನ್ನು 3 ಕೋಟಿ 36 ಲಕ್ಷ ಜನ ನೋಡಿದರು. 1992ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ವೇದಿಕೆ ಮೇಲೆ ನಿಂತು, ಅಮೆರಿಕದ ಕುಟುಂಬಗಳು ಸಿಂಪ್ಸನ್ಸ್ ಥರ ಇರೋದು ಬೇಡ, ವಾಲ್ಟನ್ಸ್ ಎಂಬ ಹಳೇ ಟಿವಿ ಸಂಸಾರದ ಥರ ಇರಲಿ ಎಂದರು. ದೇಶದ ಅಧ್ಯಕ್ಷರು ಒಂದು ಕಾರ್ಟೂನಿನ ಮೇಲೆ ಸಿಡುಕಿದರೆ ಅದಕ್ಕೆ ಬೇರೆ ಜಾಹೀರಾತು ಬೇಕೇ?

ಆದರೆ ಪಿ.ಜಿ.ಯಲ್ಲಿ ನಮ್ಮನ್ನು ಹಿಡಿದದ್ದು ಆ ಪುಂಡಾಟವಲ್ಲ. 1995ರ ಜನವರಿಯ ಒಂದು ಕಂತಿದೆ. ಮನೆಯ ಆಲ್ಬಮ್ಮಿನಲ್ಲಿ ಮ್ಯಾಗಿಯ ಒಂದೂ ಫೋಟೋ ಯಾಕಿಲ್ಲ ಅಂತ ಮಕ್ಕಳು ಕೇಳುತ್ತಾರೆ. ಹೋಮರ್ ಹಳೇ ಕತೆ ಹೇಳುತ್ತಾನೆ. ಸಾಲ ತೀರಿತೆಂದು ಅಣುಸ್ಥಾವರದ ಕೆಲಸಕ್ಕೆ ರಾಜೀನಾಮೆ ಬಿಸಾಕಿ, ಮನಸ್ಸಿಗೆ ಹಿಡಿಸಿದ ಬೌಲಿಂಗ್ ಅಂಗಳದ ಕೆಲಸ ಹಿಡಿದಿದ್ದ. ಅಷ್ಟರಲ್ಲಿ ಮಾರ್ಜ್ ಮೂರನೇ ಸಲ ಬಸುರಿ. ಆ ಸಂಬಳ ಸಾಲದು. ಮಾಲೀಕ ಬರ್ನ್ಸ್ ಮುಂದೆ ಅಂಗಲಾಚಿ ಮರಳಿ ಹೋಗಬೇಕಾಯಿತು. ಬರ್ನ್ಸ್ ಅವನ ಮೇಜಿನೆದುರು ಒಂದು ಫಲಕ ಹೊಡೆಸಿದ: ‘ಮರೆಯಬೇಡ, ನೀನು ಕೊನೆತನಕ ಇಲ್ಲೇ.’ ಈಗ ಆ ಫಲಕದ ತುಂಬ ಮ್ಯಾಗಿಯ ಫೋಟೋಗಳು. ಬೇಕಾದ ಅಕ್ಷರಗಳನ್ನಷ್ಟೇ ಬಿಟ್ಟು ಉಳಿದವನ್ನು ಹೋಮರ್ ಮುಚ್ಚಿದ್ದಾನೆ. ಇಂಗ್ಲಿಷಿನಲ್ಲಿ ಉಳಿಯುವುದು ಇಷ್ಟೇ: ‘ಅವಳಿಗಾಗಿ ಮಾಡು.’ ಆರು ಜನ ಹುಡುಗರು ಒಂದು ಲ್ಯಾಪ್‌ಟಾಪಿನ ಸುತ್ತ ಕೂತಿದ್ದೆವು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವತ್ತಿನಿಂದ ಅವನು ನಮಗೆ ಹೋಮಣ್ಣ.

ಇಂಥದ್ದು ತಾನಾಗಿ ಆಗುವುದಿಲ್ಲ. ವಾಹಿನಿಯವರು ಕತೆಯಲ್ಲಿ ಮೂಗು ತೂರಿಸಬಾರದೆಂದು ಬ್ರೂಕ್ಸ್ ಒಪ್ಪಂದದಲ್ಲೇ ಬರೆಸಿದ್ದರು. ಬರಹಗಾರರ ಕೋಣೆಯನ್ನು ಕಟ್ಟಿದವರು ಸ್ಯಾಮ್ ಸೈಮನ್. ಒಬ್ಬ ಬರೆದದ್ದನ್ನು ಕೋಣೆಯ ಎಲ್ಲರೂ ಸೇರಿ ಸಾಲು ಸಾಲಾಗಿ ಕುಟ್ಟಿ ಮತ್ತೆ ಬರೆಯುತ್ತಿದ್ದರು. ಆಮೇಲೆ ದನಿ, ಆಮೇಲೆ ಕೊರಿಯಾದಲ್ಲಿ ಚಿತ್ರ, ಚಿತ್ರ ಬಂದಮೇಲೆ ಮತ್ತೆ ತಿದ್ದುಪಡಿ. ಆ ಕೋಣೆಯಲ್ಲಿದ್ದವರೋ, ಒಬ್ಬೊಬ್ಬರೂ ಒಂದೊಂದು ಕಂಪನಿ ನಡೆಸಬಲ್ಲವರು. ಜಾರ್ಜ್ ಮೇಯರ್ ಇದ್ದರು. 59 ಕಂತು ಬರೆದ ಜಾನ್ ಸ್ವಾರ್ಟ್ಸ್‌ವೆಲ್ಡರ್ ಇದ್ದರು. ಮೋನೋರೈಲ್ ಮಾರಲು ಬಂದ ಠಕ್ಕನ ಕಂತು ಬರೆದ ಕೋನನ್ ಓಬ್ರಯನ್ ಇದ್ದರು. (ಬೆಂಗಳೂರಿನಲ್ಲಿ ಯಾವುದೇ ಹೊಸ ಮೇಲ್ಸೇತುವೆ, ಸುರಂಗದ ಘೋಷಣೆಯಾದರೂ ನನಗೆ ಆ ಕಂತಿನ ಹಾಡು ಕೇಳಿಸುತ್ತದೆ.)

1993ರಲ್ಲೇ ಕೋಣೆ ಖಾಲಿಯಾಗತೊಡಗಿತು. ಸೈಮನ್ ಹೊರಟರು, ಓಬ್ರಯನ್ ತಡರಾತ್ರಿಯ ಟಾಕ್ ಶೋಗೆ ಹೋದರು, ಮೂರು ಮತ್ತು ನಾಲ್ಕನೇ ಸೀಸನ್ ನಡೆಸಿದ ಆಲ್ ಜೀನ್, ಮೈಕ್ ರೀಸ್ ಬೇರೆ ಕಾರ್ಯಕ್ರಮಕ್ಕೆ. ಆದರೂ ಹೊಸಬರು ಬಂದರು, ಕಾರ್ಯಕ್ರಮ ಇನ್ನೂ ಮೇಲೇರಿತು. ಹಾಗಾಗಿ ಹಳಬರು ಹೋದದ್ದೇ ಕಾರಣ ಎಂಬ ವಾದ ನನಗೆ ಪೂರ್ತಿ ಹಿಡಿಸುವುದಿಲ್ಲ.

ತಮಾಷೆಯೆಂದರೆ ಇಳಿಜಾರನ್ನು ಮೊದಲು ಕಂಡವರು ಆ ಬರಹಗಾರರೇ. 1997ರ ಫೆಬ್ರವರಿಯಲ್ಲಿ 167ನೇ ಕಂತು ಬಂತು. ಫ್ಲಿಂಟ್‌ಸ್ಟೋನ್ಸ್‌ನ 166ರ ದಾಖಲೆ ಮುರಿದ ಹೊತ್ತು. ಸಂಭ್ರಮಿಸುವ ಬದಲು, ಜನಕ್ಕೆ ಬೇಜಾರು ಹಿಡಿಸಿದ ಕಾರ್ಟೂನೊಂದಕ್ಕೆ ಕೂಲಿಂಗ್ ಗ್ಲಾಸ್ ಹಾಕಿದ ನಾಯಿಯನ್ನು ತುರುಕಿ ಬದುಕಿಸಲು ಒದ್ದಾಡುವ ಕತೆ ಬರೆದರು. ಕಾಮಿಕ್ಸ್ ಅಂಗಡಿಯವನು ‘ಇದುವರೆಗಿನ ಅತ್ಯಂತ ಕೆಟ್ಟ ಕಂತು’ ಎಂದು ತೀರ್ಪು ಕೊಡುವುದು ಅಲ್ಲೇ. ಮೂರು ತಿಂಗಳಾದ ಮೇಲೆ ಫ್ರ್ಯಾಂಕ್ ಗ್ರೈಮ್ಸ್ ಬಂದ. ಕಷ್ಟಪಟ್ಟು ಮೇಲೆ ಬಂದವನು, ಎರಡು ಬೌಲಿಂಗ್ ಅಂಗಳಗಳ ನಡುವಿನ ಮಹಡಿಯಲ್ಲಿ ಬಾಡಿಗೆಗಿರುವವನು. ಏನೂ ಮಾಡದ ಹೋಮರ್‌ಗೆ ಅಷ್ಟು ದೊಡ್ಡ ಮನೆ, ಎರಡು ಕಾರು, ಸಂಸಾರ ಇರುವುದನ್ನು ಕಂಡು ತಲೆಕೆಟ್ಟು, ಹೈವೋಲ್ಟೇಜ್ ತಂತಿ ಹಿಡಿದು ಸಾಯುತ್ತಾನೆ. ಶವಸಂಸ್ಕಾರದಲ್ಲಿ ಹೋಮರ್ ಗೊರಕೆ ಹೊಡೆಯುತ್ತಾನೆ, ಸುತ್ತಲಿನವರು ನಗುತ್ತಾರೆ. ನಮ್ಮ ಲೋಕಕ್ಕೆ ನಿಜವಾದ ಮನುಷ್ಯನೊಬ್ಬ ಕಾಲಿಟ್ಟರೆ ಬದುಕಲಾರ ಎಂದು ಬರಹಗಾರರೇ ಒಪ್ಪಿಕೊಂಡ ಹಾಗಿತ್ತು.

ಅದೇ ಸೆಪ್ಟೆಂಬರಿನಲ್ಲಿ ಸೀಮೋಲ್ಲಂಘನೆ. ಎಂಟು ವರ್ಷದಿಂದ ನೋಡಿದ ಹೆಡ್‌ಮಾಸ್ಟರ್ ಸ್ಕಿನ್ನರ್ ಅಸಲಿ ಸ್ಕಿನ್ನರ್ ಅಲ್ಲವೇ ಅಲ್ಲ, ಬೇರೆಯವನ ಹೆಸರು ಕದ್ದವನು ಎಂದಾಯಿತು. ಕೊನೆಗೆ ನ್ಯಾಯಾಧೀಶರು, ಇನ್ನು ಈ ವಿಷಯ ಎತ್ತಿದವರಿಗೆ ಚಿತ್ರಹಿಂಸೆ ಎಂದು ಆಜ್ಞೆ ಮಾಡಿ ಎಲ್ಲ ಮೊದಲಿನಂತೆ. ಸ್ಕಿನ್ನರ್‌ಗೆ ದನಿ ಕೊಡುವ ಹ್ಯಾರಿ ಶಿಯರರ್ ಅವರೇ ಇದು ತಪ್ಪೆಂದು ಬಹಿರಂಗವಾಗಿ ಹೇಳಿದರು. ಜೋಕಿಗೋಸ್ಕರ ಪಾತ್ರವನ್ನು ಬಲಿ ಕೊಡಬಹುದು, ಆಮೇಲೆ ‘ಸುಮ್ನೆ ತಮಾಷೆಗೆ’ ಅಂತ ಒರೆಸಿ ಹಾಕಬಹುದು ಎಂಬ ಅಭ್ಯಾಸ ಅಲ್ಲಿಂದ ಹತ್ತಿಕೊಂಡಿತು. 2000ದಲ್ಲಿ ಕುದುರೆ ರೇಸಿನ ಜಾಕಿಗಳೆಲ್ಲ ಭೂಗತ ಕುಳ್ಳ ಯಕ್ಷರಾದರು. ಅದರ ಮರುವಾರವೇ ಪಕ್ಕದ ಮನೆಯ ಮಾಡ್ ಫ್ಲಾಂಡರ್ಸ್ ಟೀ ಶರ್ಟ್ ಹಾರಿಸುವ ತೋಪಿನ ಹೊಡೆತಕ್ಕೆ ಸತ್ತಳು. ಅವಳಿಗೆ ದನಿ ಕೊಡುವವರು ಸಂಬಳದ ತಕರಾರಿನಲ್ಲಿ ಬಿಟ್ಟುಹೋಗಿದ್ದರು, ಅಷ್ಟೇ.

ಬಲಿಯಾದವರಲ್ಲಿ ದೊಡ್ಡವನು ಹೋಮಣ್ಣನೇ. ಪೆದ್ದ, ತಿಂಡಿಪೋತ, ಆದರೆ ಮಗಳು ಅತ್ತರೆ ಕರಗುವವನು. ಆ ಮನುಷ್ಯ ಹತ್ತನೇ ಸೀಸನ್ ಹೊತ್ತಿಗೆ ವಾರಕ್ಕೊಂದು ವೃತ್ತಿ ಹಿಡಿದು, ಕಿರುಚಿ, ಕಂಡವರಿಗೆ ಗಾಯ ಮಾಡಿ ನಗುವ ಉಡಾಫೆಯವನಾದ. ಪಕ್ಕದ ಮನೆಯ ನೆಡ್ ಫ್ಲಾಂಡರ್ಸ್ ಮೊದಲಿಗೆ ಬರೀ ಒಳ್ಳೆಯವನು, ಅದಕ್ಕೇ ಹೋಮರ್‌ಗೆ ಉರಿ. ದೇವರ ಭಕ್ತಿ ಅವನ ಹತ್ತು ಗುಣಗಳಲ್ಲಿ ಒಂದು. ಹೋಗ್ತಾ ಹೋಗ್ತಾ ಆ ಒಂದೇ ಉಳಿಯಿತು. ಪಾತ್ರವೊಂದು ಹೀಗೆ ತನ್ನದೇ ಒಂದು ಚಾಳಿಯೊಳಗೆ ಕುಗ್ಗಿಹೋಗುವುದಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರನ್ನೇ ಇಟ್ಟು ‘ಫ್ಲಾಂಡರೈಸೇಷನ್’ ಅನ್ನುತ್ತಾರೆ. ನಮಗೆ ಇದೇನು ಹೊಸದಲ್ಲ. ಕನ್ನಡ ಧಾರಾವಾಹಿಯ ಅತ್ತೆ ಮೊದಲ ವಾರ ಸ್ವಲ್ಪ ಸಿಡುಕಿ, ಸ್ವಲ್ಪ ಜಿಪುಣಿ, ಹಬ್ಬದ ದಿನ ಸೊಸೆಗೆ ಹೂ ಮುಡಿಸುವವಳೂ ಹೌದು. ನಾನೂರನೇ ಕಂತಿಗೆ ಹಾಲಿಗೆ ಏನು ಬೆರೆಸಲಿ ಅಂತಷ್ಟೇ ನೋಡುತ್ತಿರುತ್ತಾಳೆ.

ಆಗ ಚುಕ್ಕಾಣಿ ಹಿಡಿದಿದ್ದ ಮೈಕ್ ಸ್ಕಲ್ಲಿಯ ತಲೆಗೆ ಜನ ಎಲ್ಲ ಪಾಪವನ್ನೂ ಕಟ್ಟಿದರು. ಅನ್ಯಾಯ. ಮೇಯರ್, ಸ್ವಾರ್ಟ್ಸ್‌ವೆಲ್ಡರ್ ಆಗಲೂ ಅದೇ ಕೋಣೆಯಲ್ಲಿದ್ದರು. 2001ರಲ್ಲಿ ಆಲ್ ಜೀನ್ ಮತ್ತೆ ಬಂದಾಗ ಹುಚ್ಚಾಟ ಕಡಿಮೆಯಾಯಿತು, ಜೊತೆಗೆ ಕಾವೂ. ಎದುರಿಗೆ 1997ರ ಸೌತ್ ಪಾರ್ಕ್, 1999ರ ಫ್ಯಾಮಿಲಿ ಗೈ ಎಂಬ ಕಾರ್ಟೂನುಗಳು ಬಂದು, ಪುಂಡಾಟದಲ್ಲಿ ಶಿಷ್ಯರು ಗುರುವನ್ನು ಮೀರಿಸಿದ್ದರು. ಸೌತ್ ಪಾರ್ಕ್‌ನವರು 2002ರಲ್ಲಿ ‘ಏನು ಯೋಚನೆ ಮಾಡಿದರೂ ಸಿಂಪ್ಸನ್ಸ್ ಆಗಲೇ ಮಾಡಿಬಿಟ್ಟಿದೆ’ ಎಂಬ ಗೋಳನ್ನೇ ಒಂದು ಕಂತು ಮಾಡಿದರು. ಆ ಗೋಳು ಸಿಂಪ್ಸನ್ಸ್ ಬರೆಯುವವರದ್ದೂ ಆಗಿತ್ತಲ್ಲ!

ಪಿ.ಜಿ.ಯ ರೂಮ್‌ಮೇಟ್ ಒಬ್ಬ ಈಗ ಅನಿಮೇಷನ್ ಕೆಲಸದಲ್ಲಿದ್ದಾನೆ. ಅವನ ತಕರಾರು ಗೆರೆಯದು. 2002ರ ಸುಮಾರಿಗೆ ಸೆಲ್ ಎಂಬ ಪಾರದರ್ಶಕ ಹಾಳೆಗೆ ಬಣ್ಣ ಬಳಿಯುವುದು ನಿಂತು ಡಿಜಿಟಲ್ ಬಂತು. ‘ಹಳೇದ್ರಲ್ಲಿ ಹೋಮರ್ ಹೆದರಿದ್ರೆ ಕಣ್ಣುಗುಡ್ಡೆ ತಲೆಯಿಂದ ಹೊರಗೇ ಬರ್ತಿತ್ತು, ಬಾಯಿ ಕಿವಿವರೆಗೂ ಹೋಗ್ತಿತ್ತು. ಈಗ ಯಾರೂ ಮಾಡೆಲ್ ಶೀಟ್ ಬಿಟ್ಟು ಆಚೆ ಕಾಲಿಡಲ್ಲ’ ಅಂತಾನೆ. ದಿನಕ್ಕೆ ಹತ್ತು ಗಂಟೆ ಮಾಡೆಲ್ ಶೀಟ್ (ಪಾತ್ರವನ್ನು ಹೇಗೆ ಬಿಡಿಸಬೇಕೆಂಬ ನಮೂನೆ ಹಾಳೆ) ನೋಡಿಕೊಂಡು ಕೆಲಸ ಮಾಡುವವನ ಮಾತು, ತೆಗೆದುಹಾಕುವಂತಿಲ್ಲ.

ಇವೆಲ್ಲ ಸರಿ. ಆದರೆ ನನ್ನ ಮಟ್ಟಿಗೆ ಗಟ್ಟಿ ಕಾರಣ ಒಂದೇ: ಬಾರ್ಟ್‌ಗೆ ಇನ್ನೂ ಹತ್ತು ವರ್ಷ. ಲೀಸಾಗೆ ಎಂಟು, ಮ್ಯಾಗಿಗೆ ಒಂದು. 1989ರಲ್ಲೂ ಅಷ್ಟೇ, ಈಗಲೂ ಅಷ್ಟೇ. ಕಾರ್ಟೂನಿಗೆ ಇದು ವರ. ಆದರೆ ಇದು ಡೊಂಕು ಬಾಲದ ನಾಯಕನ ಲೋಕವಲ್ಲ, ಊರಿನ ರಾಜಕೀಯ, ಸಂಬಳ, ಟಿವಿ, ಚರ್ಚು ಎಲ್ಲವನ್ನೂ ಗೇಲಿ ಮಾಡುವ ಲೋಕ. ಗೇಲಿಗೆ ಕಾಲ ಬೇಕು. 1991ರ ಕಂತಿನಲ್ಲಿ ಹೋಮರ್, ಮಾರ್ಜ್ 1974ರ ಹೈಸ್ಕೂಲಿನಲ್ಲಿ ಭೇಟಿಯಾದರು. 2008ರಲ್ಲಿ ನೋಡಿದರೆ ಅವರ ಯೌವನ ತೊಂಬತ್ತರ ದಶಕಕ್ಕೆ ಜಾರಿತ್ತು, ಅಂದರೆ ಅವರು ಆಗಲೇ ಮೂರು ಮಕ್ಕಳ ತಂದೆತಾಯಿಯಾಗಿ ಟಿವಿಯಲ್ಲಿ ಬರುತ್ತಿದ್ದ ದಶಕಕ್ಕೆ! ಹೈಸ್ಕೂಲು ಓದಿದವನೊಬ್ಬನ ಸಂಬಳದಲ್ಲಿ ಮನೆ, ಎರಡು ಕಾರು, ಮೂರು ಮಕ್ಕಳು ಎಂಬುದು 1989ರಲ್ಲಿ ಸೋತವನ ಬದುಕು. ಇವತ್ತು ಇಬ್ಬರು ದುಡಿದು ಕನಕಪುರ ರಸ್ತೆಯ ಎರಡು ಬೆಡ್‌ರೂಮಿಗೆ ಇಪ್ಪತ್ತು ವರ್ಷ ಇ.ಎಂ.ಐ. ಕಟ್ಟುವವರಿಗೆ ಹೋಮರ್ ಪುಣ್ಯವಂತ. ಬರೆದವರು ಒಂದಕ್ಷರ ಬದಲಿಸದಿದ್ದರೂ ಜೋಕು ಹಳಸಿತು.

ಪಾತ್ರಕ್ಕೆ ವಯಸ್ಸಾಗದಿದ್ದರೂ ಗಂಟಲಿಗೆ ಆಗುತ್ತದೆ. ಮಾರ್ಜ್ ದನಿಯಾದ ಜೂಲಿ ಕ್ಯಾವ್ನರ್ ಹುಟ್ಟಿದ್ದು 1950ರಲ್ಲಿ. ಈಚಿನ ಕಂತುಗಳಲ್ಲಿ ಆ ಕರಕರ ಕೇಳಿದರೆ ಅಜ್ಜಿಯೊಬ್ಬರು ಸೊಸೆಯ ಪಾತ್ರ ಮಾಡಿದ ಹಾಗಿರುತ್ತದೆ. 1998ರಲ್ಲಿ ಫಿಲ್ ಹಾರ್ಟ್‌ಮನ್ ಕೊಲೆಯಾದಾಗ, 2013ರಲ್ಲಿ ಮಾರ್ಷಾ ವ್ಯಾಲೆಸ್ ತೀರಿಕೊಂಡಾಗ ಅವರ ಪಾತ್ರಗಳನ್ನು ನಿವೃತ್ತಿ ಮಾಡಿದರು. ಅದು ಮರ್ಯಾದೆ. ಊರು ಮಾತ್ರ ಬಡವಾಯಿತು.

ಆಪೂ ವಿಷಯವೂ ಇದೇ. 1990ರಲ್ಲಿ ಬಂದ ಭಾರತೀಯ ಕಿರಾಣಿ ಅಂಗಡಿಯವನು. ದನಿ ಬಿಳಿಯ ನಟ ಹ್ಯಾಂಕ್ ಅಜೇರಿಯಾ ಅವರದು, ಹೆಸರು ಸತ್ಯಜಿತ್ ರೇ ಚಿತ್ರಗಳ ಬಾಲಕನಿಂದ. ನಾವು ಪಿ.ಜಿ.ಯಲ್ಲಿ ಅವನಿಗೆ ನಕ್ಕವರೇ. ಆ ದನಿಯಿಂದ ಅಣಕಿಸಿಕೊಂಡು ಬೆಳೆದದ್ದು ಅಮೆರಿಕದಲ್ಲಿ ಹುಟ್ಟಿದ ಭಾರತೀಯ ಮಕ್ಕಳು, ನಾವಲ್ಲ. ಹಾಸ್ಯ ಕಲಾವಿದ ಹರಿ ಕೊಂಡಬೋಲು 2017ರ ಸಾಕ್ಷ್ಯಚಿತ್ರದಲ್ಲಿ ಅದನ್ನೇ ಕೇಳಿದರು. 2018ರ ಏಪ್ರಿಲ್‌ನಲ್ಲಿ ಸಿಂಪ್ಸನ್ಸ್ ಕೊಟ್ಟ ಉತ್ತರ: ಒಂದು ಕಾಲಕ್ಕೆ ಮೆಚ್ಚಿದ್ದು ಈಗ ತಪ್ಪೆನಿಸಿದರೆ ಏನು ಮಾಡೋಕಾಗುತ್ತೆ. ಹೇಳಿದ್ದು ಯಾರ ಬಾಯಲ್ಲಿ? ಲೀಸಾ ಬಾಯಲ್ಲಿ. ಊರಿಗೆಲ್ಲ ಎದುರು ನಿಂತು ನ್ಯಾಯ ಕೇಳುತ್ತಿದ್ದ ಆ ಎಂಟು ವರ್ಷದ ಹುಡುಗಿ. ಗುಣಮಟ್ಟ ಕುಸಿಯಿತು ಅನ್ನುವುದಕ್ಕೆ ನನಗೆ ಆ ಅರ್ಧ ನಿಮಿಷ ಸಾಕು. 2020ರಲ್ಲಿ ಅಜೇರಿಯಾ ಆ ದನಿ ಬಿಟ್ಟರು.

ಹಾಗಾದರೆ ನಿಲ್ಲಿಸಬಾರದಿತ್ತೇ? ಮುಖ್ಯ ನಟರಿಗೆ 1998ರವರೆಗೆ ಕಂತಿಗೆ 30,000 ಡಾಲರ್. 2008ರ ಒಪ್ಪಂದದಲ್ಲಿ ಸುಮಾರು 4 ಲಕ್ಷ. 2007ರ ಸಿನಿಮಾ 50 ಕೋಟಿ ಡಾಲರ್ ದಾಟಿತು. 2019ರಲ್ಲಿ ಡಿಸ್ನಿ ಫಾಕ್ಸ್‌ನ ಆಸ್ತಿ ಕೊಂಡಾಗ ಈ ಹಳದಿ ಸಂಸಾರವೂ ಗಂಟಿನಲ್ಲಿ ಬಂತು. 2025ರಲ್ಲಿ ಇನ್ನೂ ನಾಲ್ಕು ಸೀಸನ್‌ಗೆ ಸಹಿ ಬಿದ್ದು ನಲವತ್ತರವರೆಗೆ ಗ್ಯಾರಂಟಿ. ಇಂಥ ಹಸುವಿನ ಕೆಚ್ಚಲು ಯಾರು ಬಿಡುತ್ತಾರೆ?

ನಮ್ಮೂರಿನ ಬಹಳ ಜನಕ್ಕೆ ಸಿಂಪ್ಸನ್ಸ್ ಅಂದರೆ ಇವ್ಯಾವುವೂ ಅಲ್ಲ, ವಾಟ್ಸ್ಆ್ಯಪಿನಲ್ಲಿ ಬರುವ ಕಾಲಜ್ಞಾನ. 2000ದ ಮಾರ್ಚಿನ ಕಂತೊಂದರಲ್ಲಿ ಟ್ರಂಪ್ ಅಧ್ಯಕ್ಷರಾಗಿದ್ದರೆಂಬ ಮಾತು ಬರುತ್ತದಲ್ಲ, ಅಲ್ಲಿಂದ ಶುರು. ಎಂಟರ್‌ಟೇನ್‌ಮೆಂಟ್ ವೀಕ್ಲಿ ಪತ್ರಿಕೆ 2003ರಲ್ಲಿ ಅದೇ ಕಂತನ್ನು ಎಲ್ಲಕ್ಕಿಂತ ಕಳಪೆ ಎಂದಿತ್ತು. ನಮ್ಮ ಫೋಲ್ಡರಿನಲ್ಲಿ ಅದು ಇರಲೇ ಇಲ್ಲ, ಹನ್ನೊಂದನೇ ಸೀಸನ್.

ಈಚೆಗೆ ಮ್ಯಾಟ್ ಸೆಲ್ಮನ್ ಹೆಚ್ಚಿನ ಕಂತುಗಳನ್ನು ನೋಡಿಕೊಳ್ಳತೊಡಗಿದ ಮೇಲೆ ಸ್ವಲ್ಪ ಚಿಗುರಿದೆ. 2024ರ ಸೆಪ್ಟೆಂಬರಿನಲ್ಲಿ ನಕಲಿ ‘ಕೊನೆಯ ಕಂತು’ ಒಂದು ಬಂತು. ನಿರೂಪಕ ಅದೇ ಕೋನನ್ ಓಬ್ರಯನ್. ಬಾರ್ಟ್‌ಗೆ ಹನ್ನೊಂದು ತುಂಬುತ್ತದೆ, ಕೂಡಲೇ ಊರಿನಲ್ಲಿ ಎಲ್ಲರ ಕತೆಯೂ ಒಂದೊಂದಾಗಿ ಮುಗಿಯತೊಡಗುತ್ತದೆ, ಹುಡುಗ ಹೆದರಿ ಕಂಗಾಲಾಗುತ್ತಾನೆ. ಚೆನ್ನಾಗಿತ್ತು. ನಿಜವಾಗಲೂ.

ಅದನ್ನು ತೋರಿಸಿದ್ದು ಅಕ್ಕನ ಮಗಳು, ಆರನೇ ಕ್ಲಾಸು. ಅವಳು ನೋಡಿರುವುದೆಲ್ಲ ಮೂವತ್ತರ ಆಚೆಯ ಸೀಸನ್‌ಗಳೇ. ಹೋದ ತಿಂಗಳು ಜಯನಗರದ ಅವರ ಮನೆಗೆ ಹೋದಾಗ ಹಟಕ್ಕೆ ಬಿದ್ದು ಆ 1995ರ ಕಂತು ಹಾಕಿಸಿದೆ. ‘ಬಣ್ಣ ಯಾಕೆ ಹಿಂಗಿದೆ, ಒಗೆದಂಗೆ’ ಅಂದಳು. ಹದಿನೈದು ನಿಮಿಷ ಒಂದು ಕಣ್ಣು ಫೋನಿನಲ್ಲೇ. ಫಲಕ ಬಂತು, ಫೋಟೋಗಳು ಬಂದವು. ಸುಮ್ಮನೆ ನೋಡಿದಳು.

‘ಮಾಮ, ಆ ಬೋರ್ಡು ಈಗ್ಲೂ ಅಲ್ಲೇ ಇದ್ಯಾ?’

ಗೊತ್ತಿಲ್ಲ ಅಂದೆ. ಅವಳು ಹೊಸ ಸೀಸನ್ನಿನ ಒಂದು ಕಂತು ಹಾಕಿ, ಹೋಮರ್ ಆಫೀಸಿನಲ್ಲಿ ಕೂತ ಸೀನು ಎಲ್ಲಾದರೂ ಬರುತ್ತಾ ಅಂತ ಫಾರ್ವರ್ಡ್ ಮಾಡುತ್ತ ಕೂತಳು.