ಹ್ಯಾಂಗರ್ ಪದಕದ ಕುತ್ತಿಗೆ ಮುರಿಯುವುದೇಕೆ?

ಪ್ರಶ್ನೆ: ಗರ್ಭಪಾತದ ಹಕ್ಕಿಗಾಗಿ ನಡೆಯುವ ಮೆರವಣಿಗೆಗಳಲ್ಲಿ ಹಾಕಿಕೊಳ್ಳುವ ಹ್ಯಾಂಗರ್ ಪದಕವನ್ನು ಬೆಳ್ಳಿ ತಂತಿಯಲ್ಲಿ ಮಾಡಲು ಹೊರಟೆ. ಎರಡು ಸಲವೂ ಕುತ್ತಿಗೆ ತಿರುಚುವಾಗ ಮುರಿಯಿತು. ತಪ್ಪೆಲ್ಲಿ?

ಉತ್ತರ: ಬೆಳ್ಳಿ ಬಗ್ಗಿಸಿದಷ್ಟೂ ಗಡುಸಾಗುತ್ತದೆ. ಎರಡು ಮೂಲೆ ಬಗ್ಗಿಸುವಷ್ಟರಲ್ಲಿ ತಂತಿಯ ಮೆದುತನ ಮುಗಿದಿರುತ್ತದೆ, ಆಮೇಲೆ ತಿರುಚಿದರೆ ತಡೆಯದು. ತಿರುಚುವ ಮುಂಚೆ ಇನ್ನೊಮ್ಮೆ ಕಾಯಿಸಿ.

1 ಮಿ.ಮೀ. ದಪ್ಪದ 925 ಬೆಳ್ಳಿ ತಂತಿ 130 ಮಿ.ಮೀ. ಸಾಕು. ಒಂದು ತುದಿಯಲ್ಲಿ 40 ಮಿ.ಮೀ. ಬಿಟ್ಟು ಹೆಗಲಿಗೆ 17, ತಳಕ್ಕೆ 30, ಇನ್ನೊಂದು ಹೆಗಲಿಗೆ 17 ಗುರುತು ಹಾಕಿ, ದುಂಡು ಮೂತಿಯ ಇಕ್ಕಳದಲ್ಲಿ ಬಗ್ಗಿಸಿ. ಈಗ ತಂತಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ ಕಾಯಿಸಿ. ಗೆರೆ ಮಾಯವಾದ ಕೂಡಲೇ ಬೆಂಕಿ ತೆಗೆಯಿರಿ. ಕೆಂಪು ಆರಿದ ಮೇಲೆ ನೀರಿಗೆ ಹಾಕಿ, ಎರಡು ಸುತ್ತು ತಿರುಚಿ, ಗಿಡ್ಡ ತುದಿಯನ್ನು ಕತ್ತರಿಸಿ.

ತಿರುಚಿದ ಕಡೆ ಬೆಸುಗೆಗೆ ಬಿಳಿಗಾರ ಹಚ್ಚಿ, ಬೆಸುಗೆ ಲೋಹದ 1 ಮಿ.ಮೀ. ಚೂರು ಒಂದೇ ಸಾಕು. ಹೆಚ್ಚಾದರೆ ತಿರುಚಿನ ಸಂದು ತುಂಬಿ ಕುತ್ತಿಗೆ ಬರೀ ಕಡ್ಡಿಯಂತಾಗುತ್ತದೆ. ಆ ತಿರುಚನ್ನು ಅರದಿಂದ ನುಣುಪು ಮಾಡಲೂಬೇಡಿ. ಅಗ್ಗದ ತಂತಿಯ ಹ್ಯಾಂಗರ್ ಎಂದು ಕಂಡರೇನೇ ಈ ಪದಕಕ್ಕೆ ಅರ್ಥ. ಅಮೆರಿಕದಲ್ಲಿ ಗರ್ಭಪಾತದ ಹಕ್ಕನ್ನು ಒಪ್ಪಿದ 1973ರ ತೀರ್ಪಿಗೆ ಮುಂಚೆ, ಬೇರೆ ದಾರಿಯಿಲ್ಲದೆ ಗರ್ಭಪಾತಕ್ಕೆ ಅಂಥದ್ದನ್ನೇ ಬಳಸಿ ಹೆಂಗಸರು ಪ್ರಾಣ ಕಳೆದುಕೊಂಡರು. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ಹಾಗಂತ ನಿಜವಾದ ಹ್ಯಾಂಗರನ್ನೇ ಕತ್ತರಿಸಿ ಕಾಯಿಸಬೇಡಿ. ಮೇಲೆ ಸತುವಿನ ಲೇಪವಿದ್ದರೆ ಅದು ಹೊಗೆಯಾಗಿ ಜ್ವರ ತರಿಸುತ್ತದೆ. ಬೆಸುಗೆಯನ್ನೂ ವಿಷಕಾರಿ ಕ್ಯಾಡ್ಮಿಯಂ ಇಲ್ಲದ್ದು ಎಂದು ಕೇಳಿಯೇ ತನ್ನಿ.

ಕೊಕ್ಕೆಯನ್ನು ಕೊನೆಗೆ ಪೆನ್ನಿನ ಸುತ್ತ ಬಗ್ಗಿಸಿ, 4 ಮಿ.ಮೀ. ಕೊಂಡಿ ತೂರಿಸಿ ಬಾಯಿ ಮುಚ್ಚಿ. ತೆರೆದೇ ಬಿಟ್ಟರೆ ಸರ ಜಾರುತ್ತದೆ. ಬೆಸುಗೆಯ ಬಿಸಿಗೆ ಮೆದುವಾದ ತಂತಿಯನ್ನು ನೈಲಾನ್ ಸುತ್ತಿಗೆಯಿಂದ ತಟ್ಟಿದರೆ ಮತ್ತೆ ಬಿಗಿ ಬರುತ್ತದೆ.

ಬೆಳಗಾವಿಯ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇಯಲ್ಲಿ, ಕೇಳಿದ ಗರ್ಭಪಾತ ಸಿಗದೆ, 28.10.2012ರಂದು ತೀರಿಕೊಂಡರು. 2018ರ ಮೇ 25ರ ಜನಮತದಲ್ಲಿ ಆ ದೇಶ ತನ್ನ ನಿಷೇಧವನ್ನು ಕಿತ್ತುಹಾಕಿತು. ಸವಿತಾ ತೀರಿಕೊಂಡ ತಾರೀಖನ್ನು ಪದಕದ ಜೊತೆ ತೂಗುಹಾಕಬೇಕಿದ್ದರೆ 0.8 ಮಿ.ಮೀ. ತಗಡಿನಲ್ಲಿ 24 ಮಿ.ಮೀ. ಪಟ್ಟಿ ಕತ್ತರಿಸಿ, 1.5 ಮಿ.ಮೀ. ಅಂಕಿಯ ಅಚ್ಚುಗಳನ್ನು ನಡುವಿನಿಂದ ಎರಡೂ ಕಡೆಗೆ ಹೊಡೆಯುತ್ತ ಹೋಗಿ. ಪಟ್ಟಿ ಬಾಗುತ್ತದೆ, ಮುಖ ಕೆಳಗೆ ಮಾಡಿ ಮರದ ಹಲಗೆಯ ಮೇಲಿಟ್ಟು ತಟ್ಟಿದರೆ ಅಂಕಿ ಅಳಿಯದೆ ನೇರವಾಗುತ್ತದೆ.