ಗೇಟಿಗೆ ಹಾಕಿದ ಕ್ಯಾಮೆರಾ ಎದುರುಮನೆಯನ್ನೇಕೆ ನೋಡುತ್ತದೆ?

ಬೆಂಗಳೂರಿನ 30×40 ಅಡಿ ಸೈಟುಗಳ ಬೀದಿಯಲ್ಲಿ ಸಿಸಿಟಿವಿ ಕ್ಯಾಮೆರಾ ಜಗಳದ ಬೇರು ಹೆಚ್ಚಾಗಿ ಲೆನ್ಸಿನಲ್ಲೇ ಇರುತ್ತದೆ. ಏನೂ ಹೇಳದೆ ಬಿಟ್ಟರೆ ಸಾಮಾನ್ಯವಾಗಿ ಬರುವುದು 2.8 ಎಂಎಂ ಲೆನ್ಸ್. ಅದರ ನೋಟ ಸುಮಾರು 100 ಡಿಗ್ರಿ; 30 ಅಡಿ ದೂರದಲ್ಲಿ 70 ಅಡಿ ಅಗಲವನ್ನು ಬಾಚಿಕೊಳ್ಳುತ್ತದೆ. ಎದುರಿನ ಎರಡು ಮನೆ ಪೂರ್ತಿ, ಪಕ್ಕದ್ದರಲ್ಲೂ ಒಂದಿಷ್ಟು. ‘ಎಲ್ಲಾ ಕವರ್ ಆಗುತ್ತೆ ಸಾರ್’ ಎಂದು ಫಿಟ್ ಮಾಡುವವರು ಹೇಳುವುದು ಇದಕ್ಕೇ. ಆದರೆ 2 ಮೆಗಾಪಿಕ್ಸೆಲ್ ಚಿತ್ರದ ಅಡ್ಡಸಾಲಿನ 1920 ಪಿಕ್ಸೆಲ್‌ಗಳನ್ನು (ಚುಕ್ಕಿಗಳನ್ನು) 70 ಅಡಿಗೆ ಹಂಚಿದರೆ ಅಡಿಗೆ ಸಿಗುವುದು ಬರೀ 27. ಅಪರಿಚಿತರ ಮುಖ ಗುರುತಿಸಲು 75ರಷ್ಟಾದರೂ ಬೇಕು. ಎದುರುಮನೆಯವರು ಎಷ್ಟು ಹೊತ್ತಿಗೆ ಹೊರಟರು ಎಂಬುದು ಗೊತ್ತಾಗುತ್ತದೆ, ಕಳ್ಳ ಯಾರೆಂಬುದು ಗೊತ್ತಾಗುವುದಿಲ್ಲ!

ಗೇಟು 12 ಅಡಿ ದೂರದಲ್ಲಿದ್ದರೆ 6 ಎಂಎಂ ಲೆನ್ಸ್ ಕೇಳಿ ಹಾಕಿಸಿ. ಅಲ್ಲಿ ಅದು ನೋಡುವುದು 11 ಅಡಿ ಅಗಲ, ಅಡಿಗೆ 170 ಪಿಕ್ಸೆಲ್.

ಮುಂದಿನದು ಬಾಗು. ಕ್ಯಾಮೆರಾವನ್ನು 9 ಅಡಿ ಎತ್ತರದಲ್ಲಿ ಕೂರಿಸಿ, ಗೇಟಿನ ಬಳಿ ಒಬ್ಬರನ್ನು ನಿಲ್ಲಿಸಿ, ಚಿತ್ರದ ಮೇಲಂಚು ಅಲ್ಲಿ ನೆಲದಿಂದ 6 ಅಡಿಗೆ ಬರುವಷ್ಟು ಬಾಗಿಸಿ. ಆ ಗೆರೆ ನೆಲ ಮುಟ್ಟುವುದು ಗೇಟಿನಾಚೆ 24 ಅಡಿಗೆ. ರಸ್ತೆ 30 ಅಡಿಯದ್ದಾದರೆ ನೋಟ ಎದುರಿನ ಕಾಂಪೌಂಡಿಗೆ ಮುಂಚೆಯೇ ಮುಗಿಯುತ್ತದೆ, ಬಂದವರ ಮುಖವೂ ತಪ್ಪುವುದಿಲ್ಲ. ಮೊದಲ ಮಹಡಿಯ ಸಜ್ಜಾದ ಕೆಳಗೆ ಹಾಕಿದರೆ ಕಾಣುವುದು ನೆತ್ತಿ ಮಾತ್ರ.

ಜಾಗ ಇಕ್ಕಟ್ಟಾಗಿ ಕಿಟಕಿಯೊಂದು ಚಿತ್ರದೊಳಗೆ ಬಂದೇ ಬಂದರೆ, ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ ಮಾಸ್ಕ್’ ಇರುತ್ತದೆ. ಕಿಟಕಿಯ ಮೇಲೆ ಕಪ್ಪು ಚೌಕ ಎಳೆದು ಸೇವ್ ಮಾಡಿ. ಆಮೇಲೆ ಆದ ರೆಕಾರ್ಡಿಂಗನ್ನೂ ಓಡಿಸಿ ನೋಡಿ. ಲೈವ್‌ನಲ್ಲಿ ಕಂಡ ಚೌಕ ಅಲ್ಲೂ ಇರಬೇಕು. ಅದನ್ನು ಎದುರುಮನೆಯವರಿಗೆ ಫೋನಿನಲ್ಲೇ ತೋರಿಸಿಬಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮೈಕ್ ಇರುವ ಕ್ಯಾಮೆರಾಗಳಲ್ಲಿ ಆಡಿಯೋ ಆಫ್ ಮಾಡಿ. ಮಾಸ್ಕ್ ಚಿತ್ರವನ್ನಷ್ಟೇ ಮುಚ್ಚುತ್ತದೆ, ಜಗಲಿಯ ಮಾತನ್ನಲ್ಲ.

ಕಾನೂನಿನ ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಮಾಡುವ ಬಳಕೆಗೆ ಅನ್ವಯಿಸುವುದಿಲ್ಲ. ಹಾಗೆಂದು ಕೈತೊಳೆದುಕೊಳ್ಳುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸ್ನಾನದಂಥ ಖಾಸಗಿ ಹೊತ್ತಿನಲ್ಲಿರುವ ಹೆಣ್ಣುಮಕ್ಕಳನ್ನು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಪಕ್ಕದ ಬಚ್ಚಲಿನ ಕಿಟಕಿ ಚಿತ್ರದಲ್ಲಿದ್ದರೆ ಮಾಸ್ಕ್ ಸಾಲದು, ಕ್ಯಾಮೆರಾವನ್ನೇ ತಿರುಗಿಸಿ.

ಹೆಚ್ಚಿನವರು ಮರೆಯುವುದು ಫಿಟ್ ಮಾಡಿದವರ ಫೋನು. ಪರೀಕ್ಷೆಗೆಂದು ಅವರು ಆ್ಯಪಿಗೆ ಸೇರಿಸಿಕೊಂಡ ನಿಮ್ಮ ಡಿವಿಆರ್ (ರೆಕಾರ್ಡಿಂಗ್ ಪೆಟ್ಟಿಗೆ) ಅಲ್ಲೇ ಉಳಿದುಬಿಡಬಹುದು. ಕೆಲಸ ಮುಗಿದ ದಿನವೇ ಅಡ್ಮಿನ್ ಪಾಸ್‌ವರ್ಡ್ ನೀವೇ ಬದಲಿಸಿ, ಆ್ಯಪಿನಲ್ಲಿ ಯಾರ್‍ಯಾರಿಗೆ ಶೇರ್ ಆಗಿದೆ ನೋಡಿ ತೆಗೆಯಿರಿ.

ಇನ್ನೊಂದು: ಮಾಸ್ಕ್ ಅಂಟಿರುವುದು ಚಿತ್ರಕ್ಕೆ, ಕಿಟಕಿಗಲ್ಲ. ಜೇಡರ ಬಲೆ ತೆಗೆಯಲು ಪೊರಕೆ ತಾಗಿಸಿ ಕ್ಯಾಮೆರಾ ಒಂದಿಷ್ಟು ಅಲುಗಿದರೂ ಕಪ್ಪು ಚೌಕ ಗೋಡೆಯ ಮೇಲಿರುತ್ತದೆ, ಕಿಟಕಿ ಬಯಲಾಗಿರುತ್ತದೆ. ಬಲೆ ಹೊಡೆದ ದಿನ ಸ್ಕ್ರೂ ಬಿಗಿಮಾಡಿ, ಚೌಕವನ್ನೂ ನೋಡಿಬಿಡಿ.